ಇಂಜಿನ್ನಿನ ಹಳದಿ ದೀಪ, ನಾದಿನಿಯ ಪಂಚಮಿ

"ವೈನಿ, ಹಳೇ ಗಾಡಿ ಅಂದ್ರ ಒಂದ ಸಲಕ್ಕ ಮುಗಿಯೂದಲ್ಲ ನೋಡ್ರಿ. ಒಂದು ಹೋತು ಅನ್ನೂದ್ರಾಗ ಇನ್ನೊಂದು ಹಾಜರ್" ಎಂದು ನನಗೆ ಮೊಟ್ಟಮೊದಲು ಹೇಳಿದವಳು ನನ್ನ ನಾದಿನಿ. ಹೇಳಿದ್ದು ಯಾವಾಗ? ಅವಳ ಗಂಡನ ಹಳೇ ಕಾರನ್ನು ನಾವು ತೆಗೆದುಕೊಂಡು ಆದ ಮೇಲೆ. ಮೊದಲೇ ಹೇಳಬಾರದಿತ್ತೇನವಾ ಎಂದರೆ, "ಹೇಳಿದ್ರ ನೀವು ತಗೋತಿದ್ದಿಲ್ಲ" ಎಂದು ನಕ್ಕಳು.

ನಾದಿನಿಯ ಗಂಡ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಸ್ಥರು. ಅವರು ದೊಡ್ಡ ಗಾಡಿ ತಂದರು, ಸಣ್ಣದು ಚಿಕ್ಕೋಡಿಯ ನಮ್ಮ ಮನೆಗೆ ಬಂತು. ನಾನು ರಾಯಬಾಗದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಬಸ್ಸಿನಲ್ಲಿ ಜೋತಾಡುತ್ತ ಹೋಗುವುದು ತಪ್ಪಿತಲ್ಲ ಎಂದು ಖುಷಿಯಾಯಿತು. ಆದರೆ ಗಾಡಿಯ ಜೊತೆ ಒಂದು ಅಂಜಿಕೆಯೂ ಮನೆಗೆ ಬಂತು. ನಮ್ಮಲ್ಲಿ ಅಳಿಯಂದಿರಿಗೆ ಯಾರೂ ಒಂದು ಮಾತು ಅನ್ನುವ ಹಾಗಿಲ್ಲ. ಅಂದರೆ ಮುನಿಸು, ಅವರು ಮುನಿಸಿಕೊಂಡರೆ ನಾದಿನಿ ತವರಿಗೆ ಬರುವುದು ಬಂದ್. ನಾಗರಪಂಚಮಿ ಹತ್ತಿರ ಬರುತ್ತಿತ್ತು. ಅವಳು ವರ್ಷಕ್ಕೊಮ್ಮೆ ಬಂದು ನಿಲ್ಲುವುದು ಆ ಹಬ್ಬಕ್ಕೆ ಮಾತ್ರ, ಮತ್ತು ಈ ಮನೆಯಲ್ಲಿ ನನ್ನ ಜೊತೆ ಕೂತು ಹೊಟ್ಟೆ ಹಿಡಿದು ನಗುವವಳು ಅವಳೊಬ್ಬಳೇ. ಗಾಡಿ ಕೆಟ್ಟರೆ ಕೆಡಲಿ, "ಎಂಥಾ ಗಾಡಿ ಕೊಟ್ರಪಾ" ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬೀಳದಿರಲಿ ಎಂದು ನಾನು ಒಳಗೊಳಗೇ ನಡುಗುತ್ತಿದ್ದೆ.

ದೀಪ ಹತ್ತಿದ್ದು

ರಾಯಬಾಗದ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ನಿಲ್ಲಿಸಿ ಕೂತಿದ್ದೆ. ಎದುರಿನ ಮೀಟರಿನಲ್ಲಿ ಇಂಜಿನ್ನಿನ ಆಕಾರದ ಒಂದು ಹಳದಿ ದೀಪ ಹತ್ತಿತು. ನಾನೇ ಏನೋ ಒತ್ತಿರಬೇಕೆಂದು ರೇಡಿಯೋ ಆರಿಸಿದೆ, ಫ್ಯಾನ್ ಆರಿಸಿದೆ, ವೈಪರ್ ಹಚ್ಚಿ ಆರಿಸಿದೆ. ದೀಪ ಹಾಗೇ ಇತ್ತು. ಕುರಿಗಳೆಲ್ಲ ನನ್ನ ಮುಖವನ್ನೇ ನೋಡುತ್ತಿವೆ ಅನ್ನಿಸಿತು. ನಮ್ಮವರಿಗೆ ಫೋನ್ ಹಚ್ಚಿದೆ.

"ಯಾವ ಬಣ್ಣ ಐತಿ?"

"ಹಳದಿ."

"ಕೆಂಪಲ್ಲಲ್ಲ?"

"ಅಲ್ಲ."

"ಹಂಗಾರ ಹೋಗು. ಕೆಂಪಾದ್ರ ಫೋನ್ ಮಾಡು."

ಅವತ್ತು ಕಾಲೇಜಿನವರೆಗೆ ನಾನು ರಸ್ತೆ ನೋಡಿದ್ದು ಕಡಿಮೆ, ದೀಪ ನೋಡಿದ್ದೇ ಹೆಚ್ಚು.

ರವಿವಾರ ನಿಪ್ಪಾಣಿಗೆ ಹೋದೆವು, ಗಾಡಿಯನ್ನು ಮೊದಲಿನಿಂದ ನೋಡುತ್ತ ಬಂದ ಮೇಸ್ತ್ರಿಯ ಹತ್ತಿರ. ಅತ್ತೆಯವರೂ ಬಂದರು; ಗಾಡಿ ಹೊರಟರೆ ಅವರು ಕೂತಿರಲೇಬೇಕು. ಮೇಸ್ತ್ರಿ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರಿನ ವಾಯರ್ ಸಿಕ್ಕಿಸಿದ. "ಪಿ ಸೊನ್ನೆ ಸೊನ್ನೆ ಹದಿನಾರು" ಎಂದ. ನಾನು ನಮ್ಮವರ ಮುಖ ನೋಡಿದೆ.

"ಕಾಹಿ ನಾಹಿ ವೈನಿ, ಅಂಜಬ್ಯಾಡ್ರಿ. ಇಂಜಿನ್ನಿನ್ಯಾಗ ಕೆಳಗೊಂದು ಶಾಫ್ಟು, ಮ್ಯಾಲೊಂದು ಶಾಫ್ಟು. ಎರಡಕ್ಕೂ ಒಂದ ಚೈನು. ಕೂಡಿ ತಿರಗಬೇಕು. ಅತ್ತಿ ಸೊಸಿ ಇದ್ದಂಗ ಅನ್ರಿ. ಇಬ್ಬರ ಟೈಮಿಂಗ್ ಹೊಂದವಲ್ದು ಅಂತ ಈ ಕೋಡ್ ಹೇಳತೈತಿ. ಯಾರದು ತಪ್ಪು ಅಂತ ಹೇಳೂದಿಲ್ಲ."

ಹಿಂದಿನ ಸೀಟಿನಿಂದ ಅತ್ತೆ ಕೇಳಿದರು: "ಇದ್ರಾಗ ಅತ್ತಿ ಯಾವುದಪಾ?"

"ಕೆಳಗಿನದ್ರಿ ಆಯಿ. ಮ್ಯಾಲಿನದು ಸೊಸಿ."

"ಸೊಸಿ ಮ್ಯಾಲೇರಿ ಕುಂತಾಳಂದ ಮ್ಯಾಗ ಮಿಶಿನ್ ಹಚ್ಚಿ ಏನ್ ನೋಡ್ತಿಯೋ?"

ಮೇಸ್ತ್ರಿ ಆಯಿಲ್ ಇಳಿಸಿ ನೋಡಿದ. ಡಾಂಬರಿನಂತೆ ಕರ್ರಗೆ ಗಟ್ಟಿಯಾಗಿತ್ತು. ಹೊಸದು ಹಾಕಿ, ಕೋಡ್ ಅಳಿಸಿದ. ದೀಪ ಆರಿತು. ನಮ್ಮವರು "ಆಯಿಲ್ ಸುದ್ದಾ ಬದಲಿ ಮಾಡದ..." ಎಂದು ಬಾಯಿ ತೆರೆದರು. ನಾನು ಜೋರಾಗಿ ಕೆಮ್ಮಿದೆ. ಅವರು ನನ್ನ ಕಡೆ ನೋಡಿ ಬಾಯಿ ಮುಚ್ಚಿದರು. ಈ ಕೆಮ್ಮು ಮುಂದೆ ನಮ್ಮ ಸಂಸಾರದ ಕಾಯಂ ಏರ್ಪಾಡಾಯಿತು.

ಕೆಮ್ಮು

ಕೆಲವೇ ದಿನಗಳಲ್ಲಿ ಕೊಕಟನೂರ ಎಲ್ಲಮ್ಮನಿಗೆ ಹೊರಟಿದ್ದೆವು. ಅಥಣಿ ಇನ್ನೇನು ಬಂತು ಅನ್ನುವಾಗ ದೀಪ ಮತ್ತೆ ಹತ್ತಿತು. ಗಾಡಿ ಬಿಕ್ಕಳಿಸಿದಂತೆ ಮಾಡಿ ನಿಂತೇ ಬಿಟ್ಟಿತು. ಅತ್ತೆ ಕಿಟಕಿಯಿಂದ ಹೊರಗೆ ನೋಡಿ, "ಇಲ್ಲೇ ಯಾಕ ನಿಲ್ಲಿಸಿದ್ರಿ? ನೆಳ್ಳ ಐತಿ ಅಂತೇನು?" ಎಂದರು.

ಗಾಡಿ ನಿಂತರೆ ನಮ್ಮ ಕಡೆ ಜನ ಎಲ್ಲಿಂದ ಬರುತ್ತಾರೋ ಗೊತ್ತಿಲ್ಲ. ದ್ರಾಕ್ಷಿ ತೋಟದಿಂದ ಇಬ್ಬರು ಬಂದರು. ಒಬ್ಬ, "ಡಿಸೇಲ್ ಮುಗದೈತ್ರಿ" ಎಂದ. ನಾನು, "ಇದು ಪೆಟ್ರೋಲ್ ಗಾಡಿರಿ" ಎಂದೆ. "ಮತ್ತ ಅದಕ್ಕ ಡಿಸೇಲ್ ಮುಗದೈತಿ" ಎಂದು ಅವನು ಸೋಲಲಿಲ್ಲ. ಇಬ್ಬರೂ ಕೂಡಿ ನೂಕಿದರು. ಗಾಡಿ ಹೇಗೋ ಚಾಲೂ ಆಗಿ ಅಥಣಿ ಮುಟ್ಟಿತು.

ಅಲ್ಲಿಯ ವಾಯರಿಂಗ್ ಮಾಡುವವನು ಸ್ಕ್ಯಾನರ್ ಹಚ್ಚಿ ಬೇರೆಯೇ ನಂಬರ್ ಹೇಳಿದ. "ಮ್ಯಾಲಿನ ಶಾಫ್ಟಿನ ಸುದ್ದಿ ಕಳಿಸೂ ಸೆನ್ಸರ್ ಐತಲ್ರಿ, ಅದು ನಡಬರಕ ಮಾತ ನಿಲ್ಲಿಸಾಕತ್ತೈತಿ. ಸುದ್ದಿ ಬರಲಿಲ್ಲಂದ್ರ ಇಂಜಿನ್ನಿಗೆ ದಿಕ್ಕ ತಿಳಿಯೂದಿಲ್ಲ."

"ಈ ಗಾಡಿ ಕೊಟ್ಟವ್ರು..." ಎಂದು ನಮ್ಮವರು ಸುರು ಮಾಡಿದರು. ನಾನು ಕೆಮ್ಮಿದೆ.

"ಗೊತ್ತಿದ್ದ ಕೊಟ್ಟಾರ..." ಮತ್ತೆ ಕೆಮ್ಮಿದೆ.

"ಅಲ್ಲ, ಒಂದು ಮಾತು ಹೇಳಬಾರದೇನ..." ಈ ಸಲ ಕೆಮ್ಮಿ ಕೆಮ್ಮಿ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ವಾಯರಿಂಗ್‌ದವನು ಹೊಸ ಸೆನ್ಸರ್ ಕೂಡಿಸಿ, ದೀಪ ಆರಿಸಿ, ಕೈ ಒರೆಸಿಕೊಳ್ಳುತ್ತ ನನಗೆ ಹೇಳಿದ: "ಗಾಡಿ ಆರಾಮ ಆತ್ರಿ ಮೇಡಂ. ಈಗ ನೀವು ದವಾಖಾನಿಗೆ ಹೋಗ್ರಿ."

ಕಿವಿಗೊಟ್ಟದ್ದು

ಪಂಚಮಿಗೆ ಇನ್ನೊಂದು ವಾರ. ನಾನು ಶೇಂಗಾ ಹುರಿಯಲು ಕೂತಿದ್ದೆ. ನಮ್ಮವರು ಹೊರಗಿನಿಂದ ಬಂದವರೇ, "ಹತ್ತೈತಿ" ಎಂದರು. ನಾನು ಒಲೆ ನೋಡಿದೆ. "ಒಲಿ ಅಲ್ಲ, ದೀಪ!"

ಈ ಸಲ ಚಿಕ್ಕೋಡಿಯಲ್ಲೇ ತೋರಿಸಿದೆವು. ಮೊದಲಿನ ಕೋಡು, ಆಮೇಲಿನ ಕೋಡು, ಎರಡೂ ಜೋಡಿಯಾಗಿ ಬಂದಿದ್ದವು. ಇಲ್ಲಿಯ ಮೇಸ್ತ್ರಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಕೆಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದ. ಡಾಕ್ಟರ ಮುಂದೆ ನಿಂತಂತೆ ನಾನೂ ಉಸಿರು ಹಿಡಿದು ನಿಂತೆ.

"ಚೈನ್ ಸಡಿಲಾಗಿ ಒಂದ ಹಲ್ಲ ಜಿಗದಿರಬೇಕ್ರಿ. ಇಂಜಿನ್ ಬಿಚ್ಚಬೇಕು. ನಾಳಿ ಮುಂಜಾನೆ ನಿಮ್ಮ ಮನಿಗೇ ಬಂದು ಗಾಡಿ ಒಯ್ತೀನಿ. ಮೊದಲ ಯಾರರ ಬಿಚ್ಚಿದ್ರೇನು, ಹಿಂದಿನ ಮಾಲಕರಿಗೆ ಒಂದು ಮಾತು ಕೇಳ್ರಿ."

ನಾನು ಕೆಮ್ಮುವುದರೊಳಗೆ ನಮ್ಮವರು ನಿಪ್ಪಾಣಿಗೆ ಫೋನ್ ಹಚ್ಚಿಬಿಟ್ಟಿದ್ದರು. ಒಂದು ಮಾತು ಕೇಳಲು ಹೋಗಿ ತಿಂಗಳಿಂದ ತುಂಬಿಟ್ಟುಕೊಂಡಿದ್ದನ್ನೆಲ್ಲ ಸುರಿದರು. "ಇಂಥಾದ್ದು ನಮಗ ಯಾಕ ಕಟ್ಟಿದ್ರಿ? ನಾವ ಸಿಕ್ಕಿವೇನು?" ನನ್ನ ಕೆಮ್ಮು ಯಾರಿಗೂ ಕೇಳಲಿಲ್ಲ.

ಸ್ಕ್ರೂ ಡ್ರೈವರ್ ಇನ್ನೂ ಕಿವಿಯಲ್ಲೇ ಇಟ್ಟುಕೊಂಡಿದ್ದ ಮೇಸ್ತ್ರಿ ಕಣ್ಣು ತೆರೆದು, "ಸಾಹೇಬ್ರ, ಸ್ವಲ್ಪ ಸುಮ್ಮ ಆಗ್ರಿ. ಇಂಜಿನ್ ಕೇಳವಲ್ದು" ಎಂದ.

ಸಂಜೆ ನಾದಿನಿಯ ಫೋನ್. ದನಿಯಲ್ಲಿ ನಗುವಿರಲಿಲ್ಲ. "ವೈನಿ, ಈ ವರ್ಷ ಪಂಚಮಿಗೆ ಬರಾಂಗಿಲ್ಲ. ಆ ಗಾಡಿ ನಿಂತಿರೂ ಬಾಗಲಕ್ಕ ಹೋಗಬ್ಯಾಡ ಅಂದಾರ. ಕರಿಯಾಕನೂ ಬರಬ್ಯಾಡ್ರಿ." ಹಿಂದೆ ಅವಳ ಮನೆಯ ಕುಕ್ಕರ್ ಸೀಟಿ ಹೊಡೆಯಿತು. "ಇಡ್ತೀನ್ರಿ" ಎಂದು ಇಟ್ಟಳು.

ಅತ್ತೆ ಅಂದು ಮಗನಿಗೆ ರೊಟ್ಟಿ ಬಡಿಸಿದರು, ಪಲ್ಯ ಬಡಿಸಲಿಲ್ಲ. ಕೇಳಿದ್ದಕ್ಕೆ, "ನಿಪ್ಪಾಣಿಗೆ ಫೋನ್ ಮಾಡಿ ಕೇಳು" ಎಂದರು.

ಮುಂಜಾನೆ ಅಂಗಳದಲ್ಲಿ

ಮೇಸ್ತ್ರಿ ಬರುವ ದಿನ. ಅವನು ಇಂಜಿನ್ ಬಿಚ್ಚಿದರೆ ಒಳಗೆ ಏನು ಕಾಣುತ್ತದೋ, ಕಂಡದ್ದಕ್ಕೆ ಈ ಮನುಷ್ಯ ಇನ್ನೇನು ಅನ್ನುತ್ತಾರೋ ಎಂದು ನನಗೆ ನಿದ್ದೆ ಬಂದಿರಲಿಲ್ಲ. ಚಹಾ ಕಪ್ಪು ಹಿಡಿದು ಅಂಗಳಕ್ಕೆ ಬಂದರೆ ಗಾಡಿಯ ಬಾನೆಟ್ ತೆರೆದಿತ್ತು. ಕಳ್ಳ ಬಂದನೆಂದು ಅಲ್ಲೇ ನಿಂತೆ. ಬಾನೆಟ್ಟಿನ ಹಿಂದಿನಿಂದ ಊದಿನಕಡ್ಡಿಯ ಹೊಗೆ ಏಳುತ್ತಿತ್ತು.

ಅತ್ತೆ! ಬ್ಯಾಟರಿಗೆ ಕುಂಕುಮ ಇಟ್ಟಿದ್ದರು, ಇಂಜಿನ್ನಿಗೆ ಭಂಡಾರದ ಅರಿಶಿನ ಹಚ್ಚಿದ್ದರು. ನಾನು ಬಾಯಿ ತೆರೆಯುವ ಮೊದಲೇ ಫಟ್ ಎಂದು ಕಬ್ಬಿಣದ ಮೇಲೆ ತೆಂಗಿನಕಾಯಿ ಒಡೆದು, ಎರಡೂ ಹೋಳಿನ ನೀರನ್ನು ಇಂಜಿನ್ನಿನ ನೆತ್ತಿಯ ಮೇಲೆ ಭಕ್ತಿಯಿಂದ ಸುರಿದರು.

"ಅತ್ತಿ, ಏನ್ ಮಾಡಾಕತ್ತೀರಿ?"

"ಕಾಣವಲ್ದೇನ? ಕಾಯಿ ಒಡ್ಯಾಕತ್ತೀನಿ."

"ಬಾನೆಟ್ ತಗ್ಯಾಕ ಯಾರು ಕಲಿಸಿದ್ರು?"

"ಗ್ಯಾರೇಜಿನ್ಯಾಗ ದಿನಗಟ್ಟಲೆ ಕುಂದರಸ್ತೀರಿ, ಅಷ್ಟೂ ಕಲಿಯಾಕ ಬರೂದಿಲ್ಲೇನು?"

"ಮೊದಲೂ ಒಡದಿದ್ರೇನು?"

"ದೀಪ ಹತ್ತಿದಾಗೊಮ್ಮೆ ಒಡದೀನಿ. ಅಥಣ್ಯಾಗ ನೀವೆಲ್ಲ ಸೆನ್ಸರ್ ತರಾಕ ಹೋದಾಗ ಸುದ್ದಾ. ಮತ್ತ ಆರಿದ್ದು ಹ್ಯಾಂಗ ಅನಕೊಂಡಿ? ನಿನ್ನ ಕೆಮ್ಮಿಗೇನು?"

ಅತ್ತೆ ಒಳಗೆ ಹೋದರು; ನಾನು ಕುಂಕುಮ, ಭಂಡಾರ ಎಲ್ಲ ಒರೆಸಿ ಮುಗಿಸುವಷ್ಟರಲ್ಲಿ ಮೇಸ್ತ್ರಿ ಬಂದ. ಚೈನು ಬಿಚ್ಚುವುದಕ್ಕೆ ಮೊದಲು ಇಲ್ಲೊಂದು ನೋಡಪಾ ಎಂದು ಕಾಯಿನೀರು ಹರಿದ ಜಾಗ ತೋರಿಸಿದೆ. ಸೆನ್ಸರಿಗೆ ವಾಯರ್ ಬಂದು ಕೂಡುವ ಪ್ಲಾಸ್ಟಿಕ್ ಕಪ್ಲರ್ ಎಂಬುದೊಂದು ಇರುತ್ತದೆ. ಅದರ ಲಾಕು ಮುರಿದು ಬಾಯಿ ಸ್ವಲ್ಪ ತೆರೆದೇ ಇತ್ತು. ಕಿತ್ತು ನೋಡಿದರೆ ಒಳಗಿನ ಪಿನ್ನುಗಳೆಲ್ಲ ಹಸಿರು ಪಾಚಿ ಕಟ್ಟಿದ್ದವು. ಒಂದೆಳೆ ಕಾಯಿನಾರು, ನಾಲ್ಕಾರು ಸತ್ತ ಇರುವೆ. ಮೊದಲ ಸಲ ದೀಪ ಹತ್ತಿದ್ದು ಹಳೇ ಆಯಿಲ್‌ನಿಂದ. ಅದು ಅಲ್ಲಿಗೇ ಮುಗಿದಿತ್ತು. ಆಮೇಲಿನ ಒಂದೊಂದು ದೀಪವೂ ಹಿಂದಿನ ಕಾಯಿಯ ಪ್ರಸಾದ. ಸುದ್ದಿ ಅರ್ಧಂಬರ್ಧ ಮುಟ್ಟಿ, ಇಂಜಿನ್ನಿಗೆ ಎರಡೂ ಶಾಫ್ಟು ಹೊಂದಿಲ್ಲವೆಂದು ಅನ್ನಿಸುತ್ತಿತ್ತು. ಚೈನು ಗಟ್ಟಿಮುಟ್ಟಾಗಿತ್ತು.

ಮೇಸ್ತ್ರಿಗೆ ಅತ್ತೆಯವರ ಪೂಜೆಯ ಸುದ್ದಿ ಗೊತ್ತಿರಲಿಲ್ಲ. ಕಪ್ಲರನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಯೋಚಿಸಿ, ಮೆಲ್ಲಗೆ ಕೇಳಿದ: "ಮೇಡಂ, ಇಲ್ಲಿ ಚಟ್ನಿ ಏನರ ಚಲ್ಲಿತ್ತೇನ್ರಿ?"

ನಿಪ್ಪಾಣಿಯ ಪಡಸಾಲೆ

ಹೊಸ ಕಪ್ಲರ್ ಹಾಕಿದ ಮೇಲೆ ದೀಪ ಆರಿತು. ಸಂಕಟ ಆರಲಿಲ್ಲ. ತಪ್ಪು ಗಾಡಿ ಕೊಟ್ಟವರದಲ್ಲ ಎಂದು ಅಳಿಯಂದಿರಿಗೆ ಹೇಳಬೇಕು. ಹಾಗಾದರೆ ಯಾರದು ಎಂದು ಅವರು ಕೇಳಿದರೆ? ಅತ್ತೆಯವರ ಹೆಸರು ಹೇಳುವ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿಲ್ಲ. ನಾನಂತೂ ಹೊರಗಿನಿಂದ ಬಂದವಳು.

ಬರಬೇಡಿ ಎಂದಿದ್ದರೂ ಮೂವರೂ ಅದೇ ಗಾಡಿಯಲ್ಲಿ ನಾದಿನಿಯನ್ನು ಕರೆಯಲು ಹೋದೆವು. ಅಳಿಯಂದಿರು ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದರು. ಮುಖ ಬಿಗಿ. ನಾದಿನಿ ಚಹಾ ತಂದಿಟ್ಟು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಅವಳ ಬ್ಯಾಗು ಎಲ್ಲೂ ಕಾಣಲಿಲ್ಲ. ನಮ್ಮವರು, "ಗಾಡ್ಯಾಗ ಏನೂ ದೋಷ ಇದ್ದಿಲ್ರಿ, ನಂದ ಬಾಯಿ ತಪ್ಪಿತು" ಎಂದು ಹೇಗೋ ಹೇಳಿ ಮುಗಿಸಿದರು.

"ದೋಷ ಇದ್ದಿಲ್ಲ ಅಂದ್ರ ದೀಪ ಯಾಕ ಹತ್ತಿತ್ರಿ?"

ನಮ್ಮವರು ಜಂತಿ ನೋಡಿದರು. ನಾನು, "ಕಪ್ಲರಿನ್ಯಾಗ ನೀರು ಹೋಗಿತ್ರಿ" ಎಂದೆ.

"ಯಾವ ನೀರು?"

"ಗಾಡಿ ತೊಳಿಯುವಾಗ..."

"ನೀ ಯಾವಾಗ ಗಾಡಿ ತೊಳದಿ ಬೇ?" ಎಂದರು ಅತ್ತೆ. "ಸುಳ್ಳ ಯಾಕ ಹೇಳ್ತಿ? ಅದು ಕಾಯಿ ನೀರು. ಹಾಕಿದಾಕಿ ನಾನು."

ನನಗೆ ಸುಳ್ಳು ಕೆಮ್ಮೂ ಬರಲಿಲ್ಲ. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಅಳಿಯಂದಿರ ಕಡೆ ಹೆಮ್ಮೆಯಿಂದ ತಿರುಗಿದರು.

"ಮೊದಲ ದೀಪ ಹತ್ತಿದ ದಿನ ನಿಮಗ ಫೋನ್ ಮಾಡಿದ್ನಲ್ಲರಿ. 'ಏನೂ ಆಗಾಂಗಿಲ್ರಿ ಅತ್ತಿ, ಇಂಜಿನ್ನಿಗೆ ಒಂದು ಕಾಯಿ ಒಡೀರಿ, ಎಲ್ಲಾ ಸುದ್ದ ಆಕ್ಕೈತಿ' ಅಂದ್ರಿ. ಮಂದಿ ಗಾಲಿಗೆ ಒಡೀತಾರ, ನೀವು ಇಂಜಿನ್ ಅಂದ್ರಿ. ಅಳಿಯಂದಿರ ಮಾತು ನಾ ಒಂದ ಸಲಾನೂ ಮೀರಿಲ್ಲ."

ಅಳಿಯಂದಿರು ಗೋಡೆ ಬಿಟ್ಟು ನೆಟ್ಟಗೆ ಕೂತರು. "ಅತ್ತಿಯವರ, ನಾ ನಗಿಚಾಷ್ಟಿಗೆ ಅಂದಿದ್ನಿರಿ..."

"ಚಾಷ್ಟಿ ಹ್ಯಾಂಗ ಆಕ್ಕೈತ್ರಿ? ಖರೇನ ಆರಿತಲ್ಲ!"

ಅಡಿಗೆಮನೆಯ ಬಾಗಿಲಿನಿಂದ ಮೊದಲು ಒಂದು ಸಣ್ಣ ಸದ್ದು ಬಂತು. ನೋಡಿದರೆ ನಾದಿನಿ ಸೆರಗು ಬಾಯಿಗೆ ತುರುಕಿಕೊಂಡು ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ನಗು ತಡೆಯದೆ ಅವಳ ಹೆಗಲು ಕುಣಿಯುತ್ತಿತ್ತು. ನನಗೂ ಕಟ್ಟೆ ಒಡೆಯಿತು. ಒಂದು ತಿಂಗಳ ಅಂಜಿಕೆಯೆಲ್ಲ ನಗುವಾಗಿ ಬಂದರೆ ನಿಲ್ಲಿಸುವುದು ಕಷ್ಟ. ಅವಳು ಎದ್ದು ಒಳಗೆ ಹೋದಳು, ಬ್ಯಾಗು ಹಿಡಿದು ಹೊರಗೆ ಬಂದಳು. ಬ್ಯಾಗು ಮೊದಲೇ ತುಂಬಿಟ್ಟಿದ್ದಳು ಕಳ್ಳಿ! ಗಂಡನ ಕಡೆ ನೋಡಿ, "ನಾ ಹೋಗ್ಲ್ಯಾ, ಏನ್ ಇನ್ನೂ ಸಿಟ್ಟೈತಿ?" ಎಂದಳು. ಅವರು ಕೈಯಿಂದಲೇ ಹೋಗು ಹೋಗು ಎಂದು ಸನ್ನೆ ಮಾಡಿದರು.

ಗಾಡಿಯ ತನಕ ಬಂದು, ಅತ್ತೆಯವರನ್ನು ಕೂಡಿಸಿ, ನನ್ನ ಕಿಟಕಿಯ ಹತ್ತಿರ ಬಗ್ಗಿದರು. ತಂಬಾಕಿನ ಇಡೀ ಪೇಟೆಯಲ್ಲಿ ದನಿ ಎತ್ತಿ ವ್ಯಾಪಾರ ಮಾಡುವ ಮನುಷ್ಯ ಪಿಸುಮಾತಿನಲ್ಲಿ ಹೇಳಿದರು: "ವೈನಿಯವರ, ಕೈ ಮುಗೀತೀನಿ. ಈ ಕಾಯಿ ಸುದ್ದಿ ನಿಪ್ಪಾಣ್ಯಾಗ ಯಾರಿಗೂ ಹೇಳಬ್ಯಾಡ್ರಿ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಅಳಿಯಂದಿರಿಗೆ ಕೊಟ್ಟ ಮಾತು, ಮುರಿಯುವ ಹಾಗಿಲ್ಲ.

ನೀವು ಕೊಟ್ಟಿಲ್ಲವಲ್ಲ. ಆ ಕಡೆ ಹೋದರೆ ನಾಲ್ಕು ಮಂದಿಗೆ ಹೇಳಿ ಬರ್ರಿ.