ಕೊಲೆಸ್ಟ್ರಾಲ್ ಸಿಸ್ಟರ್

ನಗಬಾರದ ಜಾಗದಲ್ಲೇ ನಗು ಜಾಸ್ತಿ ಬರುತ್ತೆ. ಆಸ್ಪತ್ರೆಯಲ್ಲಂತೂ ವಾರಕ್ಕೊಂದಾದರೂ ಅಂಥ ಪ್ರಸಂಗ ಇದ್ದಿದ್ದೇ. ನಾನು ನರ್ಸು. ಕಡೂರು, ತರೀಕೆರೆ, ಈಗ ಅಜ್ಜಂಪುರ, ಎಲ್ಲಿಗೆ ಹೋದರೂ ಹಾರ್ಟಿನವರಿಗೆ ಊಟದ ವಿಷಯ ತಿಳಿಹೇಳುವ ಕೆಲಸ ನನ್ನ ಪಾಲಿಗೇ. ಜನ ನನ್ನ ಹೆಸರು ಮರೆತು 'ಕೊಲೆಸ್ಟ್ರಾಲ್ ಸಿಸ್ಟರ್' ಅಂತಾರೆ. ಡಿಗ್ರಿ ಸಿಕ್ಕಷ್ಟೇ ಹೆಮ್ಮೆ ನನಗೆ.

ಕಾಯಿ ಇಲ್ಲದ ಅಡುಗೆ

ಕಡೂರಿನಲ್ಲಿದ್ದಾಗ ಸಖರಾಯಪಟ್ಟಣದ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಹೆಂಡತಿ ಜೊತೆ ಬಂದರು. ಕೊಲೆಸ್ಟ್ರಾಲ್ ಏರಿತ್ತು.

"ಯಜಮಾನ್ರೇ, ಕೊಬ್ಬು ರಕ್ತನಾಳದೊಳಗೆ ಕಟ್ಕೊಂಡ್ರೆ ಹೃದಯಕ್ಕೆ ರಕ್ತ ಸರಿಯಾಗಿ ಹೋಗಲ್ಲ. ಕಾಯಿ ಕಮ್ಮಿ ಮಾಡಿ, ಸೊಪ್ಪು, ಕಾಳು ಜಾಸ್ತಿ ತಿನ್ನಿ" ಅಂದೆ.

"ಸೊಪ್ಪಿನ ಪಲ್ಯಕ್ಕೆ ಕಾಯಿ?"

"ಬೇಡ."

"ಕಾಳಿನ ಸಾರಿಗೆ?"

"ಅದಕ್ಕೂ ಬೇಡ."

"ಚಟ್ನಿ?"

ನಾನು ತಲೆ ಅಲ್ಲಾಡಿಸಿದೆ. ಅವರು ಹೆಂಡತಿ ಕಡೆ ತಿರುಗಿ, "ಇವಳೇ, ಇನ್ಮೇಲೆ ಮೂರು ಹೊತ್ತೂ ಕಾಫಿ ಕಾಯ್ಸು. ನಮ್ಮನೇಲಿ ಕಾಯಿ ಹಾಕ್ದೆ ಮಾಡೋದು ಅದೊಂದೇ" ಅಂದರು.

ತುಪ್ಪ ಬಿಡಿ

ತರೀಕೆರೆಯ ಕಿರಾಣಿ ಅಂಗಡಿಯವರೊಬ್ಬರು ಮಾತ್ರೆ ತಪ್ಪಿಸುತ್ತಿರಲಿಲ್ಲ, ದಿನಾ ನಡೀತಿದ್ದರು, ಹೋಟೆಲ್ ಕಡೆ ತಲೆ ಹಾಕುತ್ತಿರಲಿಲ್ಲ. ಆದರೂ ಕೊಲೆಸ್ಟ್ರಾಲ್ ಇಳಿಯೋದಿರಲಿ, ಇನ್ನೂ ಏರಿತ್ತು. ತಲೆ ಕೆಟ್ಟು ಅವರ ಮನೆಯವರನ್ನ ಕರೆಸಿದೆ.

"ಮನೇಲಿ ಊಟ ಹೇಗೆ ಕೊಡ್ತೀರಮ್ಮ?"

"ನೀವು ಹೇಳ್ದಂಗೇ ಕಣ್ರೀ ಸಿಸ್ಟರ್. ಮುಂಚೆ ಹಬ್ಬ ಬಂದ್ರೆ ಮಾತ್ರ ತುಪ್ಪ. ನೀವು 'ಊಟಕ್ಕೆ ತುಪ್ಪ ಬಿಡಿ' ಅಂದ್ರಲ್ಲ, ಅವತ್ತಿಂದ ಎರಡು ಹೊತ್ತೂ ಮರೀದೆ ಬಿಡ್ತಾ ಇದೀನಿ."

"ಅಯ್ಯೋ, ಬಿಡಿ ಅಂದ್ರೆ ನಿಲ್ಸಿ ಅಂತ ತಾಯಿ!"

ಆಕೆಯ ಮುಖ ಸಣ್ಣದಾಯ್ತು. ಬಾಗಿಲ ಹತ್ತಿರ ನಿಂತಿದ್ದ ಗಂಡ ಮೆಲ್ಲಗೆ ಬಾಯಿ ಬಿಟ್ಟರು: "ಅವಳನ್ನ ಬೈಬೇಡಿ ಸಿಸ್ಟರ್. ನಂಗೆ ಅವತ್ತೇ ಅರ್ಥ ಆಗಿತ್ತು. ಸುಮ್ನಿದ್ದೆ."

ಪಂಕ್ತಿಯಲ್ಲಿ ಪೇಷಂಟು

ಅಜ್ಜಂಪುರದಲ್ಲಿ ಒಬ್ಬರು ಈರುಳ್ಳಿ ವ್ಯಾಪಾರಿ. ಬೋಂಡ ಕಂಡರೆ ಬಸ್ಸು ಬಿಡುವ ಮನುಷ್ಯ. ಒಂದಿನ ಬೆವರುತ್ತಾ ಬಂದು, "ಗ್ಯಾಸ್ಟ್ರಿಕ್ ಕಣಮ್ಮ, ಎದೆ ಹಿಡ್ಕೊಂಡಿದೆ. ಒಂದು ಸೋಡಾ ಕುಡಿದ್ರೆ ಹೋಗುತ್ತೆ" ಅಂದರು. ನಾನು ಸೋಡಾ ಕುಡಿಯೋಕೆ ಬಿಡದೆ ಇಸಿಜಿಗೆ ಮಲಗಿಸಿದೆ. ಹಾರ್ಟ್ ಅಟ್ಯಾಕ್! ಡಾಕ್ಟ್ರು ಕೂಡಲೇ ಆಂಬುಲೆನ್ಸ್‌ನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಸ್ಟೆಂಟ್ ಹಾಕಿದರು, ಜೀವ ಉಳೀತು.

ವಾಪಸ್ ಬಂದವರು ಬೇರೆಯೇ ಮನುಷ್ಯ. ನಾನು ಹೇಳಿಕೊಟ್ಟ ಹಾಗೇ ಮುದ್ದೆ, ಸೊಪ್ಪು, ಸಂಜೆ ರೈಲ್ವೆ ಸ್ಟೇಷನ್‌ವರೆಗೆ ನಡಿಗೆ. ಕರಿದ ತಿಂಡಿ ಕಡೆ ತಿರುಗಿಯೂ ನೋಡಲಿಲ್ಲ. ರಿಪೋರ್ಟು ಸರಿಬಂದ ದಿನ ಆಸ್ಪತ್ರೆಯವರಿಗೆಲ್ಲ ಬಾಳೆಹಣ್ಣು ಹಂಚಿದರು.

ಮೊಮ್ಮಗಳ ಮದುವೆಗೆ ನನ್ನನ್ನೂ ಕರೆದಿದ್ದರು. ಊಟದ ಪಂಕ್ತಿಯಲ್ಲಿ ಕೂತು ನೋಡ್ತೀನಿ, ಇವರು ದಪ್ಪ ಹೊಟ್ಟೆಯವರ ಎಲೆಯಿಂದ ಬೋಂಡ ಎತ್ತಿಕೊಂಡು ಹೋಗ್ತಿದ್ದಾರೆ! ಗಂಡಿನ ಕಡೆಯ ಹಿರಿಯರೊಬ್ಬರಿಗೆ ರೇಗಿಹೋಯ್ತು.

"ಊಟಕ್ಕೆ ಕರೆದು ಎಲೆಗೆ ಕೈ ಹಾಕ್ತೀರಲ್ರೀ!"

"ಬೀಗ್ರೇ, ಕೋಪ ಮಾಡ್ಕೋಬೇಡಿ. ನಾನು ಸತ್ತು ಬದುಕಿದೋನು. ಇದನ್ನ ಬಿಟ್ಟಿದ್ದಕ್ಕೇ ಇವತ್ತು ಮೊಮ್ಮಗಳ ಮದುವೆ ನೋಡ್ತಿದೀನಿ. ಬಿಡ್ಸಿದ್ದು ಯಾರು ಗೊತ್ತಾ? ಅಗೋ, ಆಯಮ್ಮ!"

ಇಡೀ ಪಂಕ್ತಿ ಬಗ್ಗಿ ನನ್ನ ಕಡೆ ನೋಡಿತು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ಕೆಲಸಕ್ಕೆ ಇದಕ್ಕಿಂತ ಇನ್ನೇನು ಬೇಕು! ಎದ್ದು ನಿಂತು ಕೈ ಮುಗಿಯೋಣ ಅಂದರೆ, ನನ್ನ ಕೈಯಲ್ಲೇ ಅರ್ಧ ಬೋಂಡ. ಉಳಿದರ್ಧ ಬಾಯಲ್ಲಿ.

ನಮ್ಮ ವ್ಯಾಪಾರಿ ಒಂದು ಕ್ಷಣವೂ ತಡವರಿಸಲಿಲ್ಲ.

"ಬೀಗ್ರೇ, ಆಯಮ್ಮನ ಮಾತು ಕೇಳ್ಬೇಕು ಕಣ್ರೀ. ಕೈ ನೋಡ್ಬಾರ್ದು!"