ಹೊಂಗೆಹಟ್ಟಿ ಗೇಟಿನಲ್ಲಿ ನಿಂತ ರೈಲು

ಬಸ್ಸಿನ ಅನ್ನ ತಿಂದು ರೈಲಿಗೆ ಮನಸ್ಸು ಕೊಟ್ಟವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಮಧುಗಿರಿಯ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲೆಲ್ಲಿ ನಿಲ್ಲಬೇಕು ಎಂದು ಹೇಳುವ ಕೆಲಸ. ನಿಜ ಹೇಳಬೇಕೆಂದರೆ, ಎಲ್ಲೆಲ್ಲಿ ನಿಲ್ಲುವುದಿಲ್ಲ ಎಂದು ಹೇಳುವ ಕೆಲಸ. ಬೆಳಗಿನಿಂದ ನನ್ನ ಕಿಂಡಿಯಲ್ಲಿ ಮುಖಗಳು ಇಣುಕುತ್ತಲೇ ಇರುತ್ತವೆ. “ಸಾಮಿ, ನಮ್ಮ ಗೇಟಲ್ಲಿ ನಿಲ್ತೈತಾ?” ನಮ್ಮ ಕಡೆ ಗೇಟ್ ಎಂದರೆ ಕದವಲ್ಲ, ಊರಿನ ದಾರಿ ಬಂದು ಡಾಂಬರು ರಸ್ತೆಗೆ ಕೂಡುವ ಜಾಗ. ಒಂದು ಹುಣಸೆಮರ, ಒಂದು ಟೀ ಅಂಗಡಿ ಇದ್ದರೆ ಗೇಟ್ ಆಯಿತು. “ಎಕ್ಸ್‌ಪ್ರೆಸ್ಸಮ್ಮ, ನಿಲ್ಲಲ್ಲ” ಎಂದು ಹೇಳಿ ಹೇಳಿ ನನ್ನ ನಾಲಿಗೆ ಅದಕ್ಕೇ ಪಳಗಿಹೋಗಿದೆ. ನಿದ್ದೆಯಲ್ಲೂ ಹೀಗೇ ಅನ್ನುತ್ತೇನಂತೆ. ನನ್ನ ಹೆಂಡತಿ ಜಯಮ್ಮನ ದೂರು ಇದು.

ಅಂಥವನಿಗೆ ಯಾರೂ ಸ್ಟಾಪ್ ಕೇಳದ ವಾಹನವೊಂದು ಬೇಕೆನಿಸಿದ್ದರಲ್ಲಿ ತಪ್ಪೇನು? ನಮ್ಮೂರಿಗೆ ರೈಲು ಬರುತ್ತದೆ, ಬರುತ್ತದೆ ಎಂದು ಕೇಳುತ್ತಲೇ ನನ್ನ ಮೀಸೆ ಬೆಳ್ಳಗಾಯಿತು. ಕಾದು ಸಾಕಾಗಿ ನಡುಮನೆಯಲ್ಲೇ ಹಳಿ ಹಾಕಿದೆ. ಹಳೆಯ ಮಂಚದ ಹಲಗೆಯೇ ನೆಲ. ಆನ್‌ಲೈನಿನಲ್ಲಿ ತರಿಸಿದ ಗೇಣುದ್ದದ ಇಂಜಿನ್, ಹಿಂದೆ ಮೂರು ಬೋಗಿ. ಹಳೇ ಪೇಪರನ್ನು ಮೈದಾ ಅಂಟಿನಲ್ಲಿ ಕಲಸಿ ನಮ್ಮ ಏಕಶಿಲಾ ಬೆಟ್ಟವನ್ನು ಎಬ್ಬಿಸಿದೆ. ಒಣಗುವಾಗ ಅದು ಒಂದು ಕಡೆ ಕುಸಿಯಿತು. ಅಂದಿನಿಂದ ಕೇಳಿದವರಿಗೆ ಅದು ಪಕ್ಕದ ತಾಲ್ಲೂಕಿನ ಸಿದ್ದರಬೆಟ್ಟ ಎನ್ನುತ್ತಿದ್ದೇನೆ. ಹಳಿಗಳ ನಡುವೆ ಹಾಸಲು ಜಲ್ಲಿಪುಡಿ ಬೇಕಾಯಿತು. ಅದನ್ನು ರಾಗಿಹಿಟ್ಟಿನ ಜರಡಿಯಲ್ಲಿ ಸೋಸಿದೆ. ಮರುದಿನ ಮುದ್ದೆಯಲ್ಲಿ ಕಲ್ಲು ಸಿಕ್ಕಿತು. ಜಯಮ್ಮ ಮಾತು ಬಿಟ್ಟಳು. ಅವಳನ್ನು ಒಲಿಸಿಕೊಳ್ಳಲೆಂದು, ಹಳಿಗೆ ರಸ್ತೆ ಅಡ್ಡಬರುವ ಕಡೆ ಕೆಂಪು-ಬಿಳಿ ಕಂಬಿಯ ರೈಲ್ವೆ ಗೇಟೊಂದನ್ನು ಮಾಡಿ, ಅದರ ಬೋರ್ಡಿನಲ್ಲಿ ಅವಳ ತವರಿನ ಹೆಸರನ್ನೇ ಬರೆದೆ: ಹೊಂಗೆಹಟ್ಟಿ ಗೇಟ್.

ಎಡವಟ್ಟಾದದ್ದು ಅಲ್ಲೇ. ಜಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ರೈಲು ಎರಡು ಸುತ್ತು ಬರುವುದನ್ನು ನೋಡಿದಳು. “ಏನ್ರೀ, ನಮ್ಮ ಗೇಟಲ್ಲಿ ನಿಲ್ಲಲೇ ಇಲ್ಲ?” ಎಂದಳು. ನಾನು ತಿಳಿಹೇಳಿದೆ: “ಇದು ರೈಲ್ವೆ ಗೇಟು ಕಣೆ. ಇಲ್ಲಿ ಜನ ನಿಲ್ತಾರೆ, ರೈಲು ಹೋಗ್ತದೆ.” “ಜನ ನಿಂತ್ಕಂಡು ಮಿಕಮಿಕ ನೋಡಕ್ಕೆ ಗೇಟ್ ಯಾಕ್ ಬೇಕು? ನಿಮ್ ಬಸ್ಸೂ ಇಂಗೇ ಅಲ್ವಾ ಮಾಡದು?” ಎಂದಳು. ಮದುವೆಯಾದಂದಿನಿಂದ ಶಿರಾ ಕಡೆಯ ಎಕ್ಸ್‌ಪ್ರೆಸ್ಸು ಹೊಂಗೆಹಟ್ಟಿ ಗೇಟನ್ನು ದಾಟಿಕೊಂಡು ಹೋಗಿ ಅವಳನ್ನು ಮುಂದಿನ ಊರಿನಲ್ಲಿ ಇಳಿಸುತ್ತಿದೆ. ಕಂಟ್ರೋಲರ್ ಹೆಂಡತಿಗೆಂದು ಬಸ್ಸು ನಿಲ್ಲಿಸಿದರು ಎಂಬ ಮಾತು ಬರಬಾರದೆಂದು, ಅಲ್ಲಿ ನಿಲ್ಲಿಸಬೇಡಿ ಎಂದು ಡ್ರೈವರುಗಳಿಗೆ ಹೇಳಿದವನು ನಾನೇ. ಅದನ್ನು ನನ್ನ ಪ್ರಾಮಾಣಿಕತೆ ಎಂದುಕೊಂಡಿದ್ದೆ. ಅಲ್ಲಿಂದ ಹಿಂದಕ್ಕೆ ನಡೆಯುತ್ತಿದ್ದವಳು ಮಾತ್ರ ಅವಳು.

ಭಾನುವಾರ ಫೋಟೋ ತೆಗೆಯಲು ಕೂತೆ; ಕೂತೆ ಎಂದರೆ, ಬೋರಲು ಮಲಗಿದೆ. ಆಟಿಕೆ ರೈಲಿನ ಹುಚ್ಚು ಹಿಡಿದವರ ವಾಟ್ಸಾಪ್ ಗುಂಪೊಂದಿದೆ. ಚಿತ್ರದಲ್ಲಿ ರೈಲು ನಿಜವಾದದ್ದರಂತೆ ಕಾಣದಿದ್ದರೆ ಅಲ್ಲಿ ಮರ್ಯಾದೆಯಿಲ್ಲ. ಮೊಬೈಲನ್ನು ಹಳಿಯ ಮಟ್ಟಕ್ಕೆ ಹಿಡಿದು ಉಸಿರು ಬಿಗಿಹಿಡಿದೆ. ಓಡುವ ರೈಲು ಪ್ರತಿ ಸಲವೂ ಮಸುಕಾಗಿಯೇ ಬಂತು. ಹದಿನೇಳನೆಯ ಸಲಕ್ಕೆ ಬೇಜಾರಾಗಿ ಅದನ್ನು ಗೇಟಿನ ಎದುರಿಗೆ ನಿಲ್ಲಿಸಿಬಿಟ್ಟೆ. ತಲೆಯ ಮೇಲಿನಿಂದ ಧ್ವನಿ ಬಂತು: “ಓಹೋ, ಫೋಟೋಕ್ಕಾದ್ರೆ ನಿಲ್ತೈತೆ!” ಬೋರಲು ಮಲಗಿದ ಗಂಡಸಿಗೆ ವಾದ ಮಾಡುವ ಅನುಕೂಲ ಇರುವುದಿಲ್ಲ. ಜಯಮ್ಮ ಬೆಂಕಿಕಡ್ಡಿಯೊಂದಕ್ಕೆ ಕೆಂಪು ಬಟ್ಟೆಚೂರು ಸುತ್ತಿ ಸೀರೆ ಉಡಿಸಿದಳು, ಪಕ್ಕಕ್ಕೆ ಗಂಟುಮೂಟೆಯೆಂದು ಒಂದು ಕಡ್ಲೆಕಾಳು ಇಟ್ಟಳು, ಎರಡನ್ನೂ ಬೋಗಿಯ ಬಾಗಿಲಿಗೆ ನೇರವಾಗಿ ನಿಲ್ಲಿಸಿದಳು. “ಈಗ ತೆಗೀರಿ, ನಾನು ಇಳ್ಕಂಡೆ” ಎಂದಳು.

ನಾನು ತೆಗೆದ ಚಿತ್ರಗಳಲ್ಲೆಲ್ಲ ಅದೇ ಚೆನ್ನಾಗಿ ಬಂತು. ಗುಂಪಿನ ಪಂಡಿತರೊಬ್ಬರು “ಗೇಟಿನಲ್ಲಿ ರೈಲು ಏಕೆ ನಿಂತಿದೆ? ಸಿಗ್ನಲ್ ದೋಷವೇ?” ಎಂದು ಕೇಳಿದರು. “ಕೋರಿಕೆಯ ನಿಲುಗಡೆ” ಎಂದು ಬರೆದು ಕಳಿಸಿದೆ. ಹಾಗೆ ಬರೆದು ನನಗೆಷ್ಟು ಸಂತೋಷವಾಯಿತೆಂದರೆ, ಮುಂದಿನ ವಾರ ರಜೆ ಹಾಕಿ ಜಯಮ್ಮನ ಜೊತೆ ನಾನೇ ಹೊಂಗೆಹಟ್ಟಿಗೆ ಹೊರಟೆ. ಈ ಸಲ ಬಸ್ಸನ್ನೂ ಗೇಟಿನಲ್ಲೇ ನಿಲ್ಲಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ.

ಗೇಟು ಹತ್ತಿರ ಬಂದಾಗ ಡ್ರೈವರ್ ಓಬಳೇಶನ ಹಿಂದೆ ನಿಂತು, “ಇಲ್ಲೊಂಚೂರು ನಿಲ್ಸಪ್ಪ” ಎಂದೆ. ಅವನು ಪಾವಗಡದವನು, ಮಾತಿನಲ್ಲಿ ತೆಲುಗು ನುಸುಳುತ್ತದೆ. ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕ. “ಸ್ಟಾಪು ಲೇದು ಸಾರ್, ಎಕ್ಸ್‌ಪ್ರೆಸ್ಸು! ಮೊನ್ನೆ ಯಾವುದೋ ಅಜ್ಜಿಗೆ ನಿಲ್ಸಿದ್ಕೆ ನನ್ ಮೇಲೆ ರಿಪೋರ್ಟ್ ಬರ್ದೋರು ನೀವೇ ಅಲ್ವಾ?” ಅಷ್ಟರಲ್ಲಿ ಗೇಟು ಹಿಂದಾಯಿತು. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು, ಜೊತೆಗೆ ಒಬ್ಬ ಡ್ರೈವರಾದರೂ ನನ್ನ ಮಾತು ಕೇಳುತ್ತಾನಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಮುಂದಿನ ಊರಿನಲ್ಲಿ ಇಳಿದೆವು. ಜಯಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು, ಸೆರಗು ತಲೆಗೆ ಹೊದ್ದು, ಬಂದ ದಾರಿಯಲ್ಲೇ ಹಿಂದಕ್ಕೆ ಹೆಜ್ಜೆ ಹಾಕಿದಳು. ನಾನು ಹಿಂದೆ ಹಿಂದೆ ಓಡಿದೆ. ಬಿಸಿಲು ಚುರುಗುಟ್ಟುತ್ತಿತ್ತು, ಚೀಲ ಭಾರವಾಗಿತ್ತು. ಇದೇ ದಾರಿಯನ್ನು ಅವಳು ಇಷ್ಟು ವರ್ಷ ಒಬ್ಬಳೇ ನಡೆದಿದ್ದಾಳಲ್ಲ ಎಂದುಕೊಳ್ಳುತ್ತಾ ಚೀಲವನ್ನು ಹೆಗಲಿಗೇರಿಸಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಮೋರಿಯ ಕಟ್ಟೆಯೊಂದು ಕಂಡಿತು. “ಜಯಾ, ಇಲ್ಲೊಂದು ಗಳಿಗೆ ಕೂತ್ಕೊಳ್ಳೋಣ್ವಾ?” ಎಂದು ಏದುಸಿರು ಬಿಡುತ್ತಾ ಕೇಳಿದೆ. ಅವಳು ತಿರುಗಿಯೂ ನೋಡಲಿಲ್ಲ.

“ಇದು ಎಕ್ಸ್‌ಪ್ರೆಸ್ಸು ಕಣ್ರೀ, ನಡುವೆ ಎಲ್ಲೂ ನಿಲ್ಲಲ್ಲ” ಎಂದಳು.