ಬುಡಮೇಲಾದ ಕೆರೆ ಏರಿ

ನಮ್ಮ ಸೋದರಮಾವನಿಗೆ ಚಿತ್ರ ಬಿಡಿಸಲು ಬರುವುದಿಲ್ಲ, ಸುರಿಯಲು ಬರುತ್ತದೆ! ಹುಣಸೂರಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದಷ್ಟು ಕಾಲವೂ ಗೆರೆಯಾಚೆ ಒಂದು ಹನಿ ಚೆಲ್ಲದಿದ್ದ ಮನುಷ್ಯ, ಫ್ಲೆಕ್ಸ್ ಬಂದು ಕುಂಚಕ್ಕೆ ಕೆಲಸ ತಪ್ಪಿದ ಮೇಲೆ ಉಳಿದ ಬಣ್ಣವನ್ನೆಲ್ಲ ಪ್ಲೈವುಡ್ ಮೇಲೆ ಬಗ್ಗಿಸತೊಡಗಿದ. ಆಮೇಲೆ ಹಲಗೆಯ ಎರಡೂ ತುದಿ ಹಿಡಿದು, ಮೊರದಲ್ಲಿ ರಾಗಿ ಕೇರುವವರ ಹಾಗೆ ವಾಲಿಸುವುದು. ಹಸಿರು ಹರಿದರೆ ಎಚ್.ಡಿ. ಕೋಟೆಯ ಕಾಡಂತೆ, ಹಳದಿ ನಿಂತರೆ ಕೆ.ಆರ್. ನಗರದ ಗದ್ದೆಯಂತೆ! ನಮಗೆ ಕಾಣದಿದ್ದರೆ ತಪ್ಪು ಯಾರದು? ನಮ್ಮ ಕಣ್ಣಿನದು.

ಒಮ್ಮೆ ಇನ್ನೂ ಆರದ ಸೂರ್ಯಾಸ್ತವೊಂದನ್ನು ಬಸ್ಸಿನಲ್ಲಿ ಬಿಳಿಕೆರೆಗೆ ಒಯ್ದ. ಪಕ್ಕದವರ ಬಿಳಿ ಪಂಚೆಗೆ ಅರ್ಧ ಸೂರ್ಯ ಅಂಟಿತು. ಅವರು ಬೈಯಲು ಬಾಯಿ ತೆರೆಯುವ ಮೊದಲೇ ಪಂಚೆ ಬಿಚ್ಚಿಕೊಡಿ ಅಂತ ಇವನೇ ದುಂಬಾಲು ಬಿದ್ದ. ಚಿತ್ರದ ಒಳ್ಳೆಯ ಭಾಗವೆಲ್ಲ ಅದಕ್ಕೇ ಹೋಗಿದೆಯಂತೆ! ಪಾಪ, ಅವರು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟರು.

ಇಂಥವನು ಈ ವರ್ಷ ಏಕವ್ಯಕ್ತಿ ಪ್ರದರ್ಶನ ಮಾಡುತ್ತೇನೆ ಎಂದ. ನೋಡಲು ಬರುವುದೂ ಒಬ್ಬನೇನಾ ಅಂತ ಅತ್ತೆ ಕೇಳಿದಳು. ಜಾಗ ಎಲ್ಲಿ? ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್! ಅತ್ತೆ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ. ಬಂದವರಲ್ಲಿ ಒಬ್ಬರಾದರೂ ತಾವಾಗಿಯೇ ಒಂದು ಚಿತ್ರ ನೋಡಿ ಇದು ಇಂಥ ಜಾಗ ಅನ್ನಬೇಕು. ಇಲ್ಲದಿದ್ದರೆ ಬ್ಯಾರನ್ ಸೊಪ್ಪಿಗೆ, ಬಣ್ಣದ ಡಬ್ಬಗಳು ಗುಜರಿಗೆ, ಸುರಿಯುವುದು ಅವತ್ತಿಗೇ ಬಂದ್. ಮಾವ ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಸೊಪ್ಪು ಕಟ್ಟುವ ಗಳುಗಳಿಗೇ ಚಿತ್ರಗಳನ್ನು ತೂಗುಹಾಕಿದ. ಪಿರಿಯಾಪಟ್ಟಣದಿಂದೆಲ್ಲ ರೈತರು ಬಂದರು. ಬಂದವರು ಸುಮ್ಮನಿರುತ್ತಾರೆಯೇ? ಒಬ್ಬರು ಹಲಗೆಯ ಅಂಚನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಹರಾಜುಕಟ್ಟೆಯಲ್ಲಿ ಸೊಪ್ಪಿನ ಬೇಲು ನೋಡುವವರ ಗತ್ತಿನಲ್ಲಿ ತೀರ್ಪು ಕೊಟ್ಟರು: "ಬಣ್ಣ ಚೆನ್ನಾಗೈತೆ. ಇನ್ನೊಂದಿನ ಬೆಂಕಿ ಹಾಕ್ಬೇಕಿತ್ತು." ಅದೇ ತನ್ನ ಮೊದಲ ವಿಮರ್ಶೆ ಅಂತ ಮಾವ ಹಿಗ್ಗಿದ. ಆದರೆ ಜಾಗದ ಹೆಸರು? ಊಹೂಂ, ಒಬ್ಬರ ಬಾಯಲ್ಲೂ ಇಲ್ಲ.

ಸಂಜೆಯಾಯಿತು. ಮಾವನ ಮುಖ ಸಣ್ಣಗಾಗಿತ್ತು. ಬೀಗ ಹಿಡಿದು ಬಂದ ಅತ್ತೆ ಕೊನೆಯ ಹಲಗೆಯ ಮುಂದೆ ನಿಂತಳು. ಕತ್ತು ಓರೆ ಮಾಡಿದಳು, ಇನ್ನೂ ಓರೆ ಮಾಡಿದಳು.

"ನಮ್ಮಪ್ಪನ ಊರಿನ ಕೆರೆ ಏರಿ ಕಣ್ರೀ ಇದು. ಸೊಪ್ಪು ಕಟ್ದಂಗೆ ಬುಡ ಮೇಲ್ಮಾಡಿ ಕಟ್ಟಿದ್ದೀರಲ್ಲ!"

ಹೌದಲ್ಲ! ಸೊಪ್ಪಿನ ತೊಟ್ಟನ್ನು ಮೇಲೆ ಮಾಡಿ ಕಟ್ಟಿ ಪಳಗಿದ ಕೈ, ಹುರುಪಿನಲ್ಲಿ ಅಷ್ಟೂ ಚಿತ್ರಗಳ ಬುಡವನ್ನು ಗಳುವಿಗೆ ಬಿಗಿದಿತ್ತು. ಮಾವ ಅದೊಂದನ್ನು ಬಿಚ್ಚಿ, ನೆಟ್ಟಗೆ ಕಟ್ಟಿದ. ನೀರು ಕೆಳಗೆ ಬಂತು, ಏರಿ ಮೇಲೆ ನಿಂತಿತು. ತನ್ನಪ್ಪ ತೀರಿಹೋದಾಗಿನಿಂದ ಅತ್ತೆ ಆ ಏರಿಯ ಕಡೆ ಕಾಲಿಟ್ಟಿರಲಿಲ್ಲ; ಮಾವ ಕರೆದಾಗಲೆಲ್ಲ ಮಾತು ಮರೆಸುತ್ತಿದ್ದಳು.

ಉಳಿದವನ್ನೂ ತಿರುಗಿಸುತ್ತೇನೆಂದು ನಾನು ಏಣಿಗೆ ಕೈ ಹಾಕಿದೆ.

"ಇರ್ಲಿ ಬುಡ್ಲಾ," ಎಂದ ಮಾವ. "ನೋಡ್ಬೇಕಾದೋಳು ನೋಡಿದ್ಲು."

ಸೊಪ್ಪಿಗೆ ಪಕ್ಕದವರ ಬ್ಯಾರನ್ ಕೇಳಿದರಾಯಿತು ಅಂತ ಅತ್ತೆ ಗೊಣಗಿದಳು. ಆಮೇಲೆ ಬೀಗವನ್ನು ಮಡಿಲಲ್ಲಿಟ್ಟುಕೊಂಡು, ಆ ಕೆರೆಯ ಎದುರಿಗೆ ಮಣೆ ಹಾಕಿ ಕೂತಳು.